ಹಾರುವ ಪಾರಿವಾಳದ ಬೆಲೆ

ಪರದೇಶಕ್ಕೆ ಹೋಗಿ ಹತ್ತು ಹದಿನೈದು ದಿನ ಸೈಕಲ್ ತುಳಿದು ಊರು ನೋಡಬೇಕೆನ್ನುವವರಿಗೆ ಹೊರಡುವ ಮೊದಲೇ ಒಂದು ಪ್ರಶ್ನೆ ಎದುರಾಗುತ್ತದೆ. ಮನೆಯಲ್ಲಿರುವ ಸೈಕಲ್ಲನ್ನೇ ಬಿಚ್ಚಿ, ಪೆಟ್ಟಿಗೆಗೆ ಹಾಕಿ ಒಯ್ಯುವುದೋ? ಹೋದ ಊರಿನಲ್ಲೇ ಅಗ್ಗದ್ದೊಂದನ್ನು ಕೊಂಡು, ತಿರುಗಾಟ ಮುಗಿದ ದಿನ ಬಂದಷ್ಟಕ್ಕೆ ಮಾರಿ ಬರುವುದೋ? ಖರ್ಚಿನ ಲೆಕ್ಕ ಹಾಕುವವರಿಗೆ ಎರಡನೆಯ ದಾರಿಯೇ ಹಿತವೆನಿಸುತ್ತದೆ. ಆದರೆ ‘ಅಗ್ಗ’ ಎನ್ನುವುದು ಕೊಳ್ಳುವವನ ಜೇಬಿಗೆ ಸಂಬಂಧಿಸಿದ ಮಾತು. ಅದೇ ಸೈಕಲ್ಲು ಆ ಊರಿನವನಿಗೆ ಎಷ್ಟು ತಿಂಗಳ ದುಡಿಮೆ ಎಂಬ ಲೆಕ್ಕ ಬೇರೆಯೇ ಇರುತ್ತದೆ. ಈ ಎರಡು ಲೆಕ್ಕಗಳ ನಡುವೆ ಎಷ್ಟು ಅಂತರವಿರಬಹುದು ಎಂಬುದನ್ನು ಚೀನಾದ ಸೈಕಲ್ಲಿನ ಚರಿತ್ರೆ ಸ್ಪಷ್ಟವಾಗಿ ತೋರಿಸುತ್ತದೆ.

ಸುಂಕದ ಕಟ್ಟೆಯಲ್ಲಿ

ಪ್ರಶ್ನೆ ಮೊದಲು ಹುಟ್ಟಿದ್ದು ಯುರೋಪಿನಲ್ಲಿ. ಇಂಗ್ಲೆಂಡಿನ ಸೈಕಲ್ ಪ್ರವಾಸಿಗಳು ತಮ್ಮದೇ ಸಂಘ ಕಟ್ಟಿಕೊಂಡಿದ್ದು 1878ರಲ್ಲಿ, ಮುಂದಿನ ಚಕ್ರ ಆಳೆತ್ತರ ಇದ್ದ ಕಾಲದಲ್ಲಿ. 1885ರಲ್ಲಿ ಜಾನ್ ಕೆಂಪ್ ಸ್ಟಾರ್ಲಿ ಎರಡೂ ಚಕ್ರ ಹೆಚ್ಚು ಕಡಿಮೆ ಸಮನಾಗಿರುವ ‘ರೋವರ್’ ಸೈಕಲ್ಲನ್ನು ಮಾರುಕಟ್ಟೆಗೆ ತಂದ. 1888ರಲ್ಲಿ ಜಾನ್ ಡನ್‌ಲಪ್ ಗಾಳಿ ತುಂಬಿದ ಟೈರಿಗೆ ಪೇಟೆಂಟ್ ಪಡೆದ. ಅಲ್ಲಿಂದಾಚೆಗೆ ಸಾಮಾನ್ಯ ಗುಮಾಸ್ತ, ಶಾಲಾ ಮಾಸ್ತರು ಕೂಡ ರಜೆಯಲ್ಲಿ ಕಡಲು ದಾಟಿ ಫ್ರಾನ್ಸಿನ ರಸ್ತೆಗಳಲ್ಲಿ ಸೈಕಲ್ ತುಳಿಯುವ ಕನಸು ಕಾಣತೊಡಗಿದರು.

ಆ ಕನಸಿಗೆ ಅಡ್ಡ ಬಂದಿದ್ದು ಗಡಿಯ ಸುಂಕದ ಕಟ್ಟೆ. ಸೈಕಲ್ಲು ಆಗ ಬೆಲೆಬಾಳುವ ಯಂತ್ರ. ಹೊರಗಿನಿಂದ ಬಂದವನು ಅದನ್ನು ಒಳಗೆ ಮಾರಿಬಿಟ್ಟರೆ ಸರಕಾರಕ್ಕೆ ನಷ್ಟ. ಆದ್ದರಿಂದ ಗಡಿಯಲ್ಲಿ ಸುಂಕದ ಮೊತ್ತವನ್ನು ಠೇವಣಿ ಇಟ್ಟು, ದೇಶ ಬಿಡುವಾಗ ಸೈಕಲ್ಲನ್ನು ತೋರಿಸಿ ಹಣ ವಾಪಸು ಪಡೆಯಬೇಕಾಗಿತ್ತು. ಪ್ರವಾಸಿ ಸಂಘಗಳು ಸುಂಕದ ಇಲಾಖೆಗಳೊಂದಿಗೆ ಮಾತನಾಡಿ ತಮ್ಮ ಸದಸ್ಯರಿಗೆ ಈ ತಾಪತ್ರಯದಿಂದ ವಿನಾಯಿತಿ ಕೊಡಿಸಿದವು. ಸೈಕಲ್ಲು ಎಷ್ಟೇ ಹಗುರವಾಗಿರಲಿ, ಗಡಿ ದಾಟಿಸುವಾಗ ಭಾರವಾಗುತ್ತದೆ ಎಂಬುದು ಆಗಲೇ ಗೊತ್ತಾಗಿತ್ತು.

ಹೋದಲ್ಲೇ ಕೊಳ್ಳುವ ದಾರಿ ಹಿಡಿದವರಲ್ಲಿ ಹೆಸರಾದವರು ಅಮೆರಿಕದ ಥಾಮಸ್ ಆಲೆನ್ ಮತ್ತು ವಿಲಿಯಂ ಸಾಕ್ಟ್‌ಲೆಬೆನ್. 1890ರಲ್ಲಿ ಸೇಂಟ್ ಲೂಯಿಯ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಪದವಿ ಮುಗಿಸಿದ ಈ ಇಬ್ಬರು ಯುವಕರು ಬರಿಗೈಯಲ್ಲಿ ಇಂಗ್ಲೆಂಡಿಗೆ ಹೋಗಿ ಅಲ್ಲಿಯೇ ಸೈಕಲ್ ಕೊಂಡರು. ಯುರೋಪು ದಾಟಿ, 1891ರಲ್ಲಿ ಕಾನ್‌ಸ್ಟಾಂಟಿನೋಪಲ್ ಬಿಟ್ಟು, ಗೋಬಿ ಮರುಭೂಮಿಯ ಅಂಚು ಹಿಡಿದು 1892ರಲ್ಲಿ ಪೀಕಿಂಗ್ ಸೇರಿದರು. ಊರಿಗೆ ಮರಳುವ ಹೊತ್ತಿಗೆ ಅವರು ತುಳಿದಿದ್ದ ದೂರ 15,044 ಮೈಲಿ. ತಿಯೆಂತ್ಸಿನ್ ಪಟ್ಟಣದಲ್ಲಿ ಚೀನಾದ ಪ್ರಬಲ ಮುತ್ಸದ್ದಿ ಲೀ ಹುಂಗ್ ಚಾಂಗ್ ಅವರನ್ನು ಕರೆಸಿಕೊಂಡು ಮಾತನಾಡಿಸಿದ. ದಾರಿಯುದ್ದಕ್ಕೂ ಹಳ್ಳಿಗಳಲ್ಲಿ ಜನ ಮುತ್ತಿಕೊಂಡು, ಹತ್ತಿ ತುಳಿದು ತೋರಿಸುವವರೆಗೂ ಬಿಡುತ್ತಿರಲಿಲ್ಲ. ಆ ನಾಡಿನ ಒಳಭಾಗದವರಿಗೆ ಸೈಕಲ್ಲು ಆಗ ಕಂಡು ಕೇಳರಿಯದ ವಸ್ತು. ಚೀನಾದಲ್ಲಿ ಸೈಕಲ್ ಕೊಳ್ಳುವ ಮಾತು ಯಾರ ಊಹೆಗೂ ನಿಲುಕುವಂತಿರಲಿಲ್ಲ.

ಅರಮನೆಯ ಹೊಸ್ತಿಲು

ಚೀನಾದ ಅಧಿಕಾರಿಯೊಬ್ಬ ಸೈಕಲ್ಲಿನ ಪೂರ್ವಜನನ್ನು ಕಂಡು ಬರೆದಿಟ್ಟಿದ್ದು 1866ರಲ್ಲಿ. ಚಿಂಗ್ ಅರಸೊತ್ತಿಗೆ ಯುರೋಪಿಗೆ ಕಳಿಸಿದ್ದ ಬಿನ್ ಚುನ್ ಎಂಬಾತ ಪ್ಯಾರಿಸ್ಸಿನ ಬೀದಿಗಳಲ್ಲಿ ಎರಡು ಚಕ್ರದ ಮೇಲೆ ಕುಳಿತು ಹೋಗುವವರನ್ನು ನೋಡಿ ಬೆರಗಾಗಿದ್ದ. ಮುಂದೆ ಷಾಂಘೈನಂಥ ಬಂದರು ಪಟ್ಟಣಗಳಿಗೆ ಸೈಕಲ್ಲು ಬಂದರೂ ಅದನ್ನು ತುಳಿಯುತ್ತಿದ್ದವರು ವಿದೇಶಿಯರು ಮತ್ತು ಬೆರಳೆಣಿಕೆಯ ಸಿರಿವಂತರು. ಜನರ ಬಾಯಲ್ಲಿ ಅದಕ್ಕೆ ‘ಪರದೇಶಿ ಕುದುರೆ’ ಎಂಬ ಹೆಸರಿತ್ತು. ಕೊನೆಯ ಚಕ್ರವರ್ತಿ ಪೂಯಿಗೆ ಹದಿಹರೆಯದಲ್ಲಿ ಸೈಕಲ್ಲಿನ ಹುಚ್ಚು ಹತ್ತಿತು. ಅರಮನೆಯ ಅಂಗಳದಿಂದ ಅಂಗಳಕ್ಕೆ ಅಡೆತಡೆಯಿಲ್ಲದೆ ಹೋಗಲೆಂದು ಪೂರ್ವಿಕರು ಇಡಿಸಿದ್ದ ಎತ್ತರದ ಮರದ ಹೊಸ್ತಿಲುಗಳನ್ನು ಅವನು ಗರಗಸದಿಂದ ಕೊಯ್ಯಿಸಿದ.

ಸೈಕಲ್ಲು ಸಾಮಾನ್ಯರ ವಾಹನವಾದುದು 1949ರ ಕ್ರಾಂತಿಯ ನಂತರ. ತಿಯಾಂಜಿನ್ ನಗರದಲ್ಲಿ 1936ರಲ್ಲಿ ಜಪಾನಿ ಉದ್ಯಮಿಯೊಬ್ಬ ಸ್ಥಾಪಿಸಿದ್ದ ಕಾರ್ಖಾನೆಯನ್ನು ಹೊಸ ಸರಕಾರ ವಹಿಸಿಕೊಂಡಿತ್ತು. 1950ರ ಜುಲೈಯಲ್ಲಿ, ಕೊರಿಯಾ ಯುದ್ಧ ಶುರುವಾದ ಕೆಲವೇ ದಿನಗಳಲ್ಲಿ, ಅಲ್ಲಿಂದ ಹೊಸ ಮಾದರಿಯ ಮೊದಲ ಸೈಕಲ್ಲು ಹೊರಬಂತು. ಶಾಂತಿಯ ಸಂಕೇತವಾಗಿ ಅದಕ್ಕೆ ‘ಫೀಗ’, ಅಂದರೆ ಹಾರುವ ಪಾರಿವಾಳ ಎಂದು ಹೆಸರಿಟ್ಟರು. ಷಾಂಘೈನಲ್ಲಿ ತಯಾರಾದ ‘ಯುಂಗ್‌ಜಿಯು’ (ಶಾಶ್ವತ) ಮತ್ತು ‘ಫಂಗ್‌ಹುವಾಂಗ್’ ಎಂಬ ಪುರಾಣದ ಹಕ್ಕಿಯ ಹೆಸರಿನ ಸೈಕಲ್ಲುಗಳು ಇದರ ಜೊತೆಗೆ ನಿಂತವು.

ಹಾರುವ ಪಾರಿವಾಳದ ರೂಪ ಇಂಗ್ಲೆಂಡಿನ ರ‍್ಯಾಲಿ ರೋಡ್‌ಸ್ಟರ್ ಸೈಕಲ್ಲನ್ನು ಹೋಲುತ್ತಿತ್ತು. ಕಪ್ಪು ಬಣ್ಣ, 28 ಇಂಚಿನ ಚಕ್ರ, ತಂತಿಯ ಬದಲು ಸರಳುಗಳಿಂದ ಹಿಡಿಯುವ ಬ್ರೇಕು, ಪೂರ್ತಿ ಮುಚ್ಚಿದ ಚೈನ್ ಕವರ್, ಹಿಂದೆ ಗಟ್ಟಿ ಕ್ಯಾರಿಯರ್, ಗೇರು ಒಂದೇ, ತೂಕ ಸುಮಾರು 20 ಕಿಲೋ. ಕನ್ನಡನಾಡಿನ ಹಳ್ಳಿಗಳಲ್ಲಿ ಹಾಲಿನ ಕ್ಯಾನು, ಹುಲ್ಲಿನ ಹೊರೆ, ಗ್ಯಾಸ್ ಸಿಲಿಂಡರು ಹೊತ್ತ ಸೈಕಲ್ಲನ್ನು ಬಲ್ಲವರಿಗೆ ಈ ವರ್ಣನೆ ಹೊಸದೆನಿಸದು. 1950ರ ದಶಕದಲ್ಲಿ ಸೋನಿಪತ್‌ನ ಅಟ್ಲಾಸ್, ಆಸನ್‌ಸೋಲ್‌ನ ಸೆನ್-ರ‍್ಯಾಲಿ ಕಾರ್ಖಾನೆಗಳು ಭಾರತಕ್ಕೆ ಕೊಟ್ಟಿದ್ದೂ ಇದೇ ಮನೆತನದ ಗಾಡಿಯನ್ನೇ.

ಚೀಟಿ ಇದ್ದವನ ಭಾಗ್ಯ

ಕಾರ್ಖಾನೆಗಳು ಎಷ್ಟೇ ತಯಾರಿಸಿದರೂ ಬೇಡಿಕೆ ಅದಕ್ಕಿಂತ ಮುಂದಿತ್ತು. ಅಕ್ಕಿ, ಎಣ್ಣೆ, ಬಟ್ಟೆಯಂತೆ ಸೈಕಲ್ಲಿಗೂ ಸರಕಾರ ಚೀಟಿಯ ಪದ್ಧತಿ ತಂದಿತು. ಕೈಯಲ್ಲಿ ಹಣವಿದ್ದ ಮಾತ್ರಕ್ಕೆ ಅಂಗಡಿಗೆ ಹೋಗಿ ಸೈಕಲ್ ತರುವಂತಿರಲಿಲ್ಲ. ಕೆಲಸ ಮಾಡುವ ಕಾರ್ಖಾನೆಗೋ ಕಚೇರಿಗೋ ವರ್ಷಕ್ಕೆ ಕೆಲವೇ ಚೀಟಿಗಳು ಬರುತ್ತಿದ್ದವು. ಚೆನ್ನಾಗಿ ದುಡಿದವನಿಗೆ, ಹಿರಿಯನಿಗೆ, ಕೆಲವೆಡೆ ಲಾಟರಿಯಲ್ಲಿ ಹೆಸರು ಬಂದವನಿಗೆ ಅದು ಸಿಗುತ್ತಿತ್ತು. ಉಳಿದವರು ಮುಂದಿನ ವರ್ಷದ ದಾರಿ ನೋಡಬೇಕಾಗಿತ್ತು.

ಚೀಟಿ ಸಿಕ್ಕ ಮೇಲೂ ಹಣ ಹೊಂದಿಸುವ ಕಷ್ಟ. 1970ರ ದಶಕದಲ್ಲಿ ಒಳ್ಳೆಯ ಸೈಕಲ್ಲಿನ ಬೆಲೆ ಸುಮಾರು 150 ಯುವಾನ್. 1978ರ ಅಂಕಿಅಂಶಗಳಂತೆ ನಗರದ ಕಾರ್ಮಿಕನ ಸರಾಸರಿ ಸಂಬಳ ತಿಂಗಳಿಗೆ 50 ಯುವಾನ್‌ನ ಆಸುಪಾಸು. ಉಣ್ಣದೆ ಉಡದೆ ಕೂಡಿಟ್ಟರೂ ಮೂರು ತಿಂಗಳ ದುಡಿಮೆ. ಅದೇ ವರ್ಷ ಹಳ್ಳಿಗಾಡಿನ ತಲಾ ನಿವ್ವಳ ಆದಾಯ ಇಡೀ ವರ್ಷಕ್ಕೆ ಸುಮಾರು 134 ಯುವಾನ್. ಒಬ್ಬ ರೈತನ ಪಾಲಿನ ವರ್ಷದ ಗಳಿಕೆಯನ್ನೆಲ್ಲ ಸುರಿದರೂ ಒಂದು ಸೈಕಲ್ಲು ಬರುತ್ತಿರಲಿಲ್ಲ.

ಹೀಗಾಗಿ ಸೈಕಲ್ಲು ಸಂಸಾರದ ಪ್ರತಿಷ್ಠೆಯ ಗುರುತಾಯಿತು. ಮದುವೆಯ ಮಾತುಕತೆಯಲ್ಲಿ ‘ತಿರುಗುವ ಮೂರು, ದನಿ ಮಾಡುವ ಒಂದು’ ಎಂಬ ನುಡಿ ಬಳಕೆಗೆ ಬಂತು. ತಿರುಗುವ ಮೂರು ಎಂದರೆ ಸೈಕಲ್ಲು, ಹೊಲಿಗೆ ಯಂತ್ರ, ಕೈಗಡಿಯಾರ. ದನಿ ಮಾಡುವುದು ರೇಡಿಯೋ. ನಮ್ಮಲ್ಲಿಯೂ ಒಂದು ಕಾಲದಲ್ಲಿ ವರದಕ್ಷಿಣೆಯ ಪಟ್ಟಿಯಲ್ಲಿ ವಾಚು, ರೇಡಿಯೋ, ಸೈಕಲ್ಲು ಒಟ್ಟೊಟ್ಟಿಗೇ ಕುಳಿತಿರುತ್ತಿದ್ದವು. ವ್ಯತ್ಯಾಸ ಇಷ್ಟೇ: ಅಲ್ಲಿ ಅವುಗಳನ್ನು ಹೊಂದಿಸಬೇಕಾದವನು ವರ, ಇಲ್ಲಿ ವಧುವಿನ ತಂದೆ.

ಇಷ್ಟು ಪಾಡು ಪಟ್ಟು ತಂದ ವಸ್ತುವನ್ನು ಜನ ಜೋಪಾನ ಮಾಡಿದ್ದರಲ್ಲಿ ಆಶ್ಚರ್ಯವಿಲ್ಲ. ಪ್ರತಿ ಸೈಕಲ್ಲಿಗೂ ನೋಂದಣಿ ಸಂಖ್ಯೆ, ಅದರ ದಾಖಲೆ, ವರ್ಷಕ್ಕೊಮ್ಮೆ ತೆರಿಗೆ. ನಮ್ಮ ಪುರಸಭೆಗಳು ಸೈಕಲ್ಲಿಗೆ ತಗಡಿನ ಬಿಲ್ಲೆ ಕೊಡುತ್ತಿದ್ದುದನ್ನು ಹಿರಿಯರು ನೆನೆಸಿಕೊಳ್ಳಬಹುದು. ಮಾರುಕಟ್ಟೆ, ಸಿನಿಮಾ ಮಂದಿರಗಳ ಮುಂದೆ ಸೈಕಲ್ ಕಾಯುವ ಅಜ್ಜಿಯರು ಎರಡು ಮೂರು ಫೆನ್ ಪಡೆದು ಟೋಕನ್ ಕೊಡುತ್ತಿದ್ದರು. ಬೀದಿ ಬೀದಿಯ ತಿರುವಿನಲ್ಲಿ ಪಂಪು, ರಬ್ಬರಿನ ತುಂಡು, ಟ್ಯೂಬ್ ಅದ್ದಿ ನೋಡಲು ನೀರಿನ ಬೋಗುಣಿ ಇಟ್ಟುಕೊಂಡ ಪಂಕ್ಚರ್‌ನವರು ಕೂರುತ್ತಿದ್ದರು. 1986ರ ಹೊತ್ತಿಗೆ ಬೀಜಿಂಗಿನ ದಿನನಿತ್ಯದ ಓಡಾಟದಲ್ಲಿ ನೂರಕ್ಕೆ 60ಕ್ಕೂ ಹೆಚ್ಚು ಪಾಲು ಸೈಕಲ್ಲಿನದೇ ಆಗಿತ್ತು.

ಎರಡು ಬಗೆಯ ಹಣ

ಈ ಸೈಕಲ್ಲುಗಳ ನಾಡಿಗೆ 1980ರ ದಶಕದ ಆರಂಭದಲ್ಲಿ ಬೆನ್ನಿಗೆ ಚೀಲ ಹಾಕಿಕೊಂಡ ವಿದೇಶಿ ಪ್ರವಾಸಿಗಳು ಬರತೊಡಗಿದರು. ಅಲ್ಲಿಯವರೆಗೆ ಸರಕಾರಿ ಮಾರ್ಗದರ್ಶಿಯ ಹಿಂದೆ ಗುಂಪಾಗಿ ಹೋಗಬೇಕಾಗಿದ್ದವರಿಗೆ ಈಗ ಒಂಟಿಯಾಗಿ ತಿರುಗುವ ಅವಕಾಶ ಸಿಕ್ಕಿತು. ಊರಿನವರೆಲ್ಲ ಸೈಕಲ್ಲಿನ ಮೇಲಿರುವಾಗ ತಾವೂ ಒಂದನ್ನು ಕೊಂಡು ಸುತ್ತಬೇಕೆಂಬ ಆಸೆ ಅವರಿಗೆ ಹುಟ್ಟಿದ್ದು ಸಹಜ.

ವಿದೇಶಿಯರ ಕೈಗೆ ಬರುತ್ತಿದ್ದ ಹಣವೇ ಬೇರೆ. 1980ರ ಏಪ್ರಿಲ್‌ನಲ್ಲಿ ಬ್ಯಾಂಕ್ ಆಫ್ ಚೀನಾ ‘ವಿದೇಶಿ ವಿನಿಮಯ ಪತ್ರ’ ಎಂಬ ಪ್ರತ್ಯೇಕ ನೋಟುಗಳನ್ನು ಹೊರಡಿಸಿತ್ತು. ಡಾಲರನ್ನೋ ಪೌಂಡನ್ನೋ ಕೊಟ್ಟವರಿಗೆ ಸಿಗುತ್ತಿದ್ದುದು ಈ ನೋಟು. ಮುಖಬೆಲೆ ಯುವಾನ್‌ಗೆ ಸಮ, ಶಕ್ತಿ ಮಾತ್ರ ಹೆಚ್ಚು. ವಿದೇಶಿಯರಿಗೆಂದೇ ತೆರೆದ ‘ಫ್ರೆಂಡ್‌ಶಿಪ್ ಸ್ಟೋರ್’ಗಳಲ್ಲಿ ಹೊರಗೆ ಸಿಗದ ಸರಕುಗಳಿದ್ದವು. ಸೈಕಲ್ಲೂ ಅದರಲ್ಲೊಂದು. ಈ ನೋಟು ಕೊಟ್ಟವರನ್ನು ರೇಷನ್ ಚೀಟಿ ಎಲ್ಲಿ ಎಂದು ಕೇಳುವವರಿರಲಿಲ್ಲ. ಇದರಿಂದಾಗಿಯೇ ಕಾಳಸಂತೆಯಲ್ಲಿ ವಿನಿಮಯ ಪತ್ರಕ್ಕೆ ಮುಖಬೆಲೆಗಿಂತ ಹೆಚ್ಚು ಯುವಾನ್ ಕೊಡಲು ಜನ ಸಿದ್ಧರಿದ್ದರು. ಹೋಟೆಲುಗಳ ಬಾಗಿಲಲ್ಲಿ ನಿಂತು ಹಣ ಬದಲಾಯಿಸಿ ಎಂದು ಪಿಸುಗುಟ್ಟುವ ಯುವಕರು ಆ ಕಾಲದ ಪ್ರವಾಸಿಗಳೆಲ್ಲರಿಗೂ ಪರಿಚಿತರು.

ಬೆಲೆಯ ಲೆಕ್ಕ ನೋಡಬೇಕು. 1986ರಲ್ಲಿ ಡಾಲರಿನ ಅಧಿಕೃತ ದರ ಸುಮಾರು 3.7 ಯುವಾನ್‌ಗೆ ಬಂತು. ಸೈಕಲ್ಲಿಗೆ 180 ಯುವಾನ್ ಎಂದುಕೊಂಡರೂ 50 ಡಾಲರ್ ದಾಟುವುದಿಲ್ಲ. ಅಮೆರಿಕದ ಯುವಕನಿಗೆ ಅದು ಒಂದೆರಡು ದಿನದ ಸಂಬಳ. ವಿಮಾನದಲ್ಲಿ ತನ್ನ ಸೈಕಲ್ಲು ತರುವ ರಗಳೆಗಿಂತ ಇದು ಎಷ್ಟೋ ಸಲೀಸು. ಬೀಜಿಂಗಿನ ಕಾರ್ಮಿಕ ತಿಂಗಳುಗಟ್ಟಲೆ ಕೂಡಿಟ್ಟು, ಚೀಟಿಗಾಗಿ ವರ್ಷಗಟ್ಟಲೆ ಕಾದು ಪಡೆಯುತ್ತಿದ್ದುದನ್ನು ಪ್ರವಾಸಿ ಒಂದು ಬೆಳಗಿನಲ್ಲಿ ಕೊಂಡು ಹೊರಗೆ ಬರುತ್ತಿದ್ದ. ಇದರಲ್ಲಿ ಪ್ರವಾಸಿಯ ಮೋಸವೇನೂ ಇರಲಿಲ್ಲ. ಅವನ ಕೈಗೆ ಬೇರೆ ಹಣ ಕೊಟ್ಟು, ಅವನಿಗೆ ಬೇರೆ ಬಾಗಿಲು ತೆರೆದಿದ್ದು ವಿದೇಶಿ ವಿನಿಮಯದ ಹಸಿವಿದ್ದ ಸರಕಾರವೇ.

ಆ ಭಾರದ ಸೈಕಲ್ಲಿನ ಮೇಲೆ ಕಿರುಪ್ರವಾಸಗಳೇ ಹೆಚ್ಚು. ಬೀಜಿಂಗಿನಿಂದ ಸುಮಾರು 50 ಕಿಲೋಮೀಟರ್ ದೂರದ ಮಿಂಗ್ ಅರಸರ ಸಮಾಧಿಗಳವರೆಗೆ, ದಕ್ಷಿಣದಲ್ಲಿ ಯಾಂಗ್‌ಷುವೋ ಊರಿನ ಸುಣ್ಣಕಲ್ಲಿನ ಗುಡ್ಡಗಳ ನಡುವಿನ ಗದ್ದೆಬಯಲಿನಲ್ಲಿ, ಮುತ್ತಿನ ನದಿಯ ಮುಖಜ ಭೂಮಿಯ ಸಮತಟ್ಟು ರಸ್ತೆಗಳಲ್ಲಿ ಅವರು ತಿರುಗಿದರು. ಏರುದಾರಿಯಲ್ಲಿ ಒಂಟಿ ಗೇರಿನ ಗಾಡಿಯನ್ನು ತಳ್ಳಿಕೊಂಡೇ ಹೋಗಬೇಕಾಗಿತ್ತು. ಆದರೆ ಕಡ್ಡಿ ಮುರಿದರೂ ಪೆಡಲ್ ಕಳಚಿದರೂ ಯಾವ ಹಳ್ಳಿಯಲ್ಲಾದರೂ ಅದನ್ನು ಸರಿಮಾಡುವ ಕೈ ಇತ್ತು, ಬಿಡಿಭಾಗವೂ ಇತ್ತು. ಪರದೇಶದಿಂದ ತಂದ ಹತ್ತು ಗೇರಿನ ಸೈಕಲ್ಲು ಕೆಟ್ಟರೆ ಆ ಸೌಕರ್ಯ ಇರಲಿಲ್ಲ. ಊರಿನ ಸೈಕಲ್ಲು ಊರಿನ ದಾರಿಗೆ ಹೊಂದಿಕೊಂಡಿರುತ್ತದೆ ಎಂಬುದು ಈ ಪ್ರವಾಸಿಗಳು ಕಲಿತ ಪಾಠ.

ದೂರ ಹೋಗಬೇಕೆಂದರೆ ಸೈಕಲ್ಲನ್ನು ರೈಲಿನ ಲಗೇಜು ಡಬ್ಬಿಗೆ ಹಾಕಬೇಕಿತ್ತು. ಅದು ಪ್ರವಾಸಿಯ ರೈಲಿನಲ್ಲೇ ಬರುತ್ತದೆಂಬ ಖಾತ್ರಿ ಇರಲಿಲ್ಲ. ಎಲ್ಲ ಊರುಗಳೂ ವಿದೇಶಿಯರಿಗೆ ತೆರೆದಿರಲಿಲ್ಲ. ಬಸ್ಸು ರೈಲಿನಲ್ಲಿ ಹೋಗುವವನು ತೆರೆದ ಊರಿನಿಂದ ತೆರೆದ ಊರಿಗೆ ಇಳಿಯುತ್ತಾನೆ. ಸೈಕಲ್ಲಿನವನು ನಡುವಿನ ಊರುಗಳನ್ನು ದಾಟಲೇಬೇಕು, ರಾತ್ರಿ ಅಲ್ಲೇ ತಂಗಬೇಕು. ಸಾರ್ವಜನಿಕ ಭದ್ರತಾ ಇಲಾಖೆಯವರು ಬಂದು, ತಪ್ಪೊಪ್ಪಿಗೆ ಬರೆಸಿಕೊಂಡು, ಬಸ್ಸಿನ ಮೇಲೆ ಸೈಕಲ್ ಹಾಕಿಸಿ ಹಿಂದಕ್ಕೆ ಕಳಿಸುವ ಪ್ರಸಂಗಗಳು ನಡೆಯುತ್ತಲೇ ಇದ್ದವು.

ಪ್ರವಾಸದ ಕೊನೆಯ ದಿನ ಎರಡು ಲೆಕ್ಕಗಳು ಮುಖಾಮುಖಿಯಾಗುತ್ತಿದ್ದವು. ಹೊರಟು ನಿಂತ ಪ್ರವಾಸಿಗೆ ಆ ಸೈಕಲ್ಲು ಬರೀ ಹೊರೆ. ಹೋಟೆಲಿನ ನೌಕರನಿಗೆ, ವಿದ್ಯಾರ್ಥಿಗೆ ಅದು ಚೀಟಿಯ ಹಂಗಿಲ್ಲದೆ ಸಿಕ್ಕ ಭಾಗ್ಯ. ಕೆಲವರು ಅರ್ಧ ಬೆಲೆಗೆ ಮಾರಿದರು, ಕೆಲವರು ಕೊಟ್ಟು ಹೋದರು. ಒಬ್ಬನ ಹತ್ತು ದಿನದ ವಿನೋದ ಮತ್ತೊಬ್ಬನ ಮನೆಯಲ್ಲಿ ಇಪ್ಪತ್ತು ವರ್ಷದ ಆಸ್ತಿಯಾಗಿ ಉಳಿಯಿತು.

ವಿದೇಶಿಯ ಸೈಕಲ್ ಸವಾರಿ ರಾಜತಾಂತ್ರಿಕ ಚರಿತ್ರೆಯಲ್ಲೂ ಜಾಗ ಪಡೆದಿದೆ. ಜಾರ್ಜ್ ಬುಷ್ 1974-75ರಲ್ಲಿ ಬೀಜಿಂಗಿನ ಅಮೆರಿಕನ್ ಸಂಪರ್ಕ ಕಚೇರಿಯ ಮುಖ್ಯಸ್ಥರಾಗಿದ್ದಾಗ ಪತ್ನಿ ಬಾರ್ಬರಾ ಜೊತೆ ಸೈಕಲ್ಲಿನಲ್ಲಿ ಓಡಾಡಿ ಹೆಸರಾಗಿದ್ದರು. 1989ರ ಫೆಬ್ರವರಿಯಲ್ಲಿ ಅಧ್ಯಕ್ಷರಾಗಿ ಅವರು ಮತ್ತೆ ಬಂದಾಗ ಪ್ರಧಾನಿ ಲೀ ಪೆಂಗ್ ದಂಪತಿಗಳಿಗೆ ಎರಡು ಹಾರುವ ಪಾರಿವಾಳಗಳನ್ನು ಉಡುಗೊರೆ ಕೊಟ್ಟರು. ನಾಲ್ಕು ತಿಂಗಳೂ ತುಂಬುವ ಮೊದಲು, ಜೂನ್ 4ರಂದು, ಅದೇ ನಗರದ ಬೀದಿಗಳಲ್ಲಿ ಸೇನೆಯ ವಾಹನಗಳಡಿ ಜಜ್ಜಿಹೋದ ಸೈಕಲ್ಲುಗಳ ಚಿತ್ರಗಳನ್ನು ಜಗತ್ತು ನೋಡಿತು. ತಿಂಗಳುಗಟ್ಟಲೆ ಕೂಡಿಟ್ಟು ಕೊಂಡವರ ಸೈಕಲ್ಲುಗಳು ಅವು.

ರಾಶಿ ಬಿದ್ದ ಸೈಕಲ್ಲುಗಳು

ಅಷ್ಟು ಹೊತ್ತಿಗಾಗಲೇ ಕೊರತೆಯ ಕಾಲ ಮುಗಿಯುತ್ತ ಬಂದಿತ್ತು. 1978ರಲ್ಲಿ ವರ್ಷಕ್ಕೆ 80 ಲಕ್ಷ ಚಿಲ್ಲರೆಯಿದ್ದ ಚೀನಾದ ಸೈಕಲ್ ಉತ್ಪಾದನೆ ಹತ್ತೇ ವರ್ಷದಲ್ಲಿ 4 ಕೋಟಿ ಮೀರಿತು. ಚೀಟಿಗಳು ಮರೆಯಾದವು. 1994ರಲ್ಲಿ ವಿದೇಶಿ ವಿನಿಮಯ ಪತ್ರಗಳೂ ನಿಂತವು. ಪ್ರವಾಸಿಗೂ ಊರಿನವನಿಗೂ ಒಂದೇ ಹಣ, ಒಂದೇ ಅಂಗಡಿ ಎಂಬಂತಾಯಿತು. ಆದರೆ ಅದೇ ಹೊತ್ತಿಗೆ ಊರಿನವನ ಕಣ್ಣು ಕಾರಿನ ಮೇಲೆ ಬಿದ್ದಿತ್ತು. ಒಂದು ಕಾಲದಲ್ಲಿ ಸೈಕಲ್ಲುಗಳ ಹೊಳೆ ಹರಿಯುತ್ತಿದ್ದ ಹೆದ್ದಾರಿಗಳಲ್ಲಿ ಅವುಗಳನ್ನು ಬದಿಗೆ ಸರಿಸಲಾಯಿತು. ಷಾಂಘೈ ಹೊಸ ಶತಮಾನದ ಮೊದಲ ವರ್ಷಗಳಲ್ಲಿ ಕೆಲವು ಮುಖ್ಯ ರಸ್ತೆಗಳಿಂದ ಸೈಕಲ್ಲನ್ನು ಹೊರಗೇ ಇಟ್ಟಿತು.

ಸೈಕಲ್ಲು ಮರಳಿ ಬಂದಿದ್ದು ಮೊಬೈಲ್ ಫೋನಿನ ಮೂಲಕ. 2014ರಲ್ಲಿ ಪೀಕಿಂಗ್ ವಿಶ್ವವಿದ್ಯಾಲಯದ ಕೆಲವು ಯುವಕರು ಓಫೋ ಎಂಬ ಕಂಪನಿ ಆರಂಭಿಸಿದರು. ಅವರು ಮೊದಲು ಹೊರಟಿದ್ದು ಸೈಕಲ್ ಪ್ರವಾಸದ ವ್ಯಾಪಾರಕ್ಕೆ ಎಂಬುದು ಇಲ್ಲಿ ಗಮನಿಸಬೇಕಾದ ಸಂಗತಿ. ಅದು ಕೈಹತ್ತದೆ ಹಂಚಿಕೆಯ ಸೈಕಲ್ಲಿಗೆ ಇಳಿದರು. ಅರ್ಧ ಗಂಟೆಗೆ ಅರ್ಧ ಯುವಾನ್, ಒಂದು ಯುವಾನ್ ಬಾಡಿಗೆ. ಎಲ್ಲಿ ಬೇಕಾದರೂ ಎತ್ತಿಕೊಂಡು ಎಲ್ಲಿ ಬೇಕಾದರೂ ಬಿಡಬಹುದು. ಅದರ ಹಿಂದೆಯೇ ಮೊಬೈಕ್ ಬಂತು, ಇನ್ನೂ ಹತ್ತಾರು ಕಂಪನಿಗಳು ಬಂದವು. 2017ರ ಹೊತ್ತಿಗೆ ನಗರಗಳ ಪಾದಚಾರಿ ಮಾರ್ಗಗಳೆಲ್ಲ ಬಣ್ಣಬಣ್ಣದ ಸೈಕಲ್ಲುಗಳಿಂದ ತುಂಬಿಹೋದವು. ಮೈಸೂರಿನಲ್ಲಿ ‘ಟ್ರಿಣ್ ಟ್ರಿಣ್’ ಎಂಬ ಸಾರ್ವಜನಿಕ ಸೈಕಲ್ ಯೋಜನೆ ಶುರುವಾದುದೂ ಅದೇ ವರ್ಷ. ಅಲ್ಲಿ ನಿಗದಿಯಾದ ನಿಲ್ದಾಣಗಳಲ್ಲೇ ಸೈಕಲ್ಲನ್ನು ಬಿಡಬೇಕೆಂಬ ಕಟ್ಟುಪಾಡಿತ್ತು.

ಚೀನಾದಲ್ಲಿ ಕಟ್ಟುಪಾಡಿಲ್ಲದೆ ಬೆಳೆದದ್ದು ಬೇಗ ಕುಸಿಯಿತು. ಷಿಯಾಮೆನ್, ಹಾಂಗ್‌ಝೌ ಮುಂತಾದ ನಗರಗಳ ಹೊರವಲಯದಲ್ಲಿ ವಾರಸುದಾರರಿಲ್ಲದ ಸಾವಿರಾರು ಸೈಕಲ್ಲುಗಳನ್ನು ಗುಡ್ಡದಂತೆ ಪೇರಿಸಿಟ್ಟ ಚಿತ್ರಗಳು ಪತ್ರಿಕೆಗಳಲ್ಲಿ ಬಂದವು. 2018ರ ಡಿಸೆಂಬರಿನಲ್ಲಿ ಓಫೋದಲ್ಲಿ ಇಟ್ಟಿದ್ದ ಠೇವಣಿ ವಾಪಸು ಕೇಳಿ ಸರದಿ ನಿಂತವರ ಸಂಖ್ಯೆ 1 ಕೋಟಿ ದಾಟಿತು. ತಾತ ಚೀಟಿಗಾಗಿ ಸರದಿ ನಿಂತಿದ್ದ, ಮೊಮ್ಮಗ ಠೇವಣಿಗಾಗಿ ನಿಂತ. ತಾತನ ಸೈಕಲ್ಲಿಗೆ ಸಂಖ್ಯೆ, ಪುಸ್ತಕ, ಬೀಗ, ಕಾಯುವ ಅಜ್ಜಿ ಎಲ್ಲ ಇದ್ದರು. ಮೊಮ್ಮಗ ತುಳಿದ ಸೈಕಲ್ಲು ಮಳೆಗೆ ತುಕ್ಕು ಹಿಡಿದರೂ ಕೇಳುವವರಿರಲಿಲ್ಲ.

ಹಾಗೆಂದು ಅಗ್ಗದ ಸೈಕಲ್ಲಿನ ಮೇಲೆ ಕಿರುಪ್ರವಾಸ ಹೋಗುವ ಆಸೆ ಬತ್ತಲಿಲ್ಲ. 2024ರ ಜೂನಿನಲ್ಲಿ ಹೆನಾನ್ ಪ್ರಾಂತದ ಝೆಂಗ್‌ಝೌ ನಗರದ ನಾಲ್ವರು ವಿದ್ಯಾರ್ಥಿನಿಯರು ಬಾಡಿಗೆಯ ಹಂಚಿಕೆ ಸೈಕಲ್ಲುಗಳಲ್ಲಿ ರಾತ್ರಿಯಿಡೀ ತುಳಿದು, ಸುಮಾರು 50 ಕಿಲೋಮೀಟರ್ ದೂರದ ಪ್ರಾಚೀನ ರಾಜಧಾನಿ ಕೈಫಂಗ್‌ಗೆ ಹೋದರು. ಉದ್ದೇಶ ಇಷ್ಟೇ: ಅಲ್ಲಿನ ಹೆಸರಾಂತ ಸಾರು ತುಂಬಿದ ಕಡುಬು ತಿನ್ನುವುದು. ಸುದ್ದಿ ಹಬ್ಬಿತು. ನವೆಂಬರಿನ ಒಂದು ವಾರಾಂತ್ಯದಲ್ಲಿ ಲಕ್ಷಕ್ಕೂ ಮೀರಿದ ಯುವಜನರು ಅದೇ ದಾರಿಯಲ್ಲಿ ಸೈಕಲ್ ತುಳಿದರು. ರಸ್ತೆ ಕಟ್ಟಿಹೋಯಿತು. ಕೈಫಂಗ್‌ನಲ್ಲಿ ಸೈಕಲ್ಲುಗಳ ರಾಶಿ ಬಿತ್ತು, ಝೆಂಗ್‌ಝೌನಲ್ಲಿ ಬೆಳಿಗ್ಗೆ ಕೆಲಸಕ್ಕೆ ಹೋಗುವವರಿಗೆ ಸೈಕಲ್ಲೇ ಇಲ್ಲದಂತಾಯಿತು. ಕಂಪನಿಗಳು ನಗರದ ಎಲ್ಲೆ ಮೀರಿದ ಸೈಕಲ್ಲುಗಳಿಗೆ ಬೀಗ ಬೀಳುವುದಾಗಿ ಪ್ರಕಟಿಸಿದವು. ಆಡಳಿತ ರಸ್ತೆ ಮುಚ್ಚಿತು.

1980ರ ದಶಕದ ಪರದೇಶಿ ಪ್ರವಾಸಿಯ ಜಾಗದಲ್ಲಿ ಈಗ ಆ ನಾಡಿನ ಮಕ್ಕಳೇ ನಿಂತಿದ್ದರು. ಅವರಿಗೂ ಅದು ಒಂದು ರಾತ್ರಿಯ ಅಗ್ಗದ ಸಂತೋಷ, ಬೆಳಗಾದ ಮೇಲೆ ಬಿಟ್ಟು ಬರುವ ವಸ್ತು. ಆ ಸಂತೋಷ ಸುಳ್ಳಲ್ಲ. ಕಾಲಿನ ಬಲದಿಂದ ಒಂದು ಊರನ್ನು ಸೇರುವುದರಲ್ಲಿರುವ ಸುಖವನ್ನು ಆಲೆನ್ ಮತ್ತು ಸಾಕ್ಟ್‌ಲೆಬೆನ್ ಕಾಲದಿಂದ ಇಂದಿನವರೆಗೆ ಯಾರೂ ಅಲ್ಲಗಳೆದಿಲ್ಲ. ಅದರ ಬೆಲೆಯ ಒಂದು ಪಾಲನ್ನು ಮಾತ್ರ ಪ್ರತಿಸಲವೂ ಮತ್ತೊಬ್ಬರು ತೆತ್ತಿದ್ದಾರೆ. ಒಮ್ಮೆ ಅದು ಚೀಟಿಗಾಗಿ ಕಾದ ಕಾರ್ಮಿಕ, ಮತ್ತೊಮ್ಮೆ ಬೆಳಗಿನ ಪಾಳಿಗೆ ಸೈಕಲ್ಲು ಸಿಗದೆ ನಡೆದುಹೋದವನು. ಹೋದ ಊರಿನಲ್ಲಿ ಸೈಕಲ್ಲಿನ ಬೆಲೆ ಕೇಳುವ ಪ್ರವಾಸಿ ಅದನ್ನು ತನ್ನೂರಿನ ಹಣಕ್ಕೆ ಪರಿವರ್ತಿಸಿ ನೋಡುವುದು ವಾಡಿಕೆ. ಆ ಊರಿನವನ ದಿನಗೂಲಿಗೆ ಪರಿವರ್ತಿಸಿ ನೋಡಿದರೆ, ಹೊರಡುವ ದಿನ ಅದನ್ನು ಯಾರ ಕೈಗೆ ಒಪ್ಪಿಸಬೇಕೆಂಬುದೂ ತಾನಾಗಿ ಹೊಳೆಯುತ್ತದೆ.